ಗೃಹೋದ್ಯಾನ: ಒಂದು ಹಗಲಿನ ಹೂವು

ಪುಷ್ಪದ ಆಯುಸ್ಸು ಅಲ್ಪವೆಂದು ಕವಿಗಳು ಬಹುಕಾಲದಿಂದ ಹೇಳುತ್ತ ಬಂದಿರುವರು. ಆ ಮಾತಿಗೆ ಪ್ರತ್ಯಕ್ಷ ನಿದರ್ಶನವನ್ನು ಅಪೇಕ್ಷಿಸುವವರು ಡೇ ಲಿಲಿಯನ್ನು ನೋಡಬೇಕು. ಬೆಳಗ್ಗೆ ಅರಳಿದ ಹೂವು ರಾತ್ರಿಯೊಳಗೆ ಬಾಡುವುದು. 1753ರಲ್ಲಿ ಲಿನೇಯಸ್ ಪಂಡಿತನು ಗ್ರಂಥಸ್ಥಗೊಳಿಸಿದ ‘ಹೆಮೆರೊಕ್ಯಾಲಿಸ್’ ಎಂಬ ಶಾಸ್ತ್ರೀಯ ನಾಮವು ಗ್ರೀಕ್ ಮೂಲದ್ದು. ‘ಹೆಮೆರಾ’ ಎಂದರೆ ದಿನ, ‘ಕ್ಯಾಲೋಸ್’ ಎಂದರೆ ಸೌಂದರ್ಯ. ಸಂಸ್ಕೃತದಲ್ಲಿ ‘ದಿನಶೋಭಾ’ ಎಂದರೆ ಅರ್ಥವು ಸರಿಹೋಗುವುದು. ಆದರೂ ಒಂದೊಂದು ದಂಟಿನಲ್ಲಿ ಅನೇಕ ಮೊಗ್ಗುಗಳಿದ್ದು, ಒಂದಾದ ಮೇಲೊಂದು ಅರಳುವುದರಿಂದ ವಾರಗಟ್ಟಲೆ ಅಂಗಳವು ಬರಿದಾಗದು.

ಇದರ ತವರು ಚೀನಾ, ಜಪಾನ್ ಮೊದಲಾದ ಪೂರ್ವದೇಶಗಳು. ಚೀನೀಯರು ಇದನ್ನು ದುಃಖವನ್ನು ಮರೆಯಿಸುವ ಗಿಡವೆಂದು ಆದರಿಸುವರು. ಮೊಗ್ಗುಗಳನ್ನು ಒಣಗಿಸಿ ಅಡುಗೆಗೂ ಬಳಸುವರು. ಕಿತ್ತಳೆ ಬಣ್ಣದ ಪ್ರಸಿದ್ಧ ತಳಿಯೊಂದು ಬೀಜವನ್ನೇ ಕಟ್ಟದು. ಬುಡವನ್ನು ಸೀಳಿ ನೆಟ್ಟವರ ಕೈಗಳಿಂದಲೇ ಅದು ಖಂಡಾಂತರಗಳನ್ನು ಸೇರಿತು.

ಇನ್ನು ಕೃಷಿಯ ಕ್ರಮ. ದಿನಕ್ಕೆ 6 ಗಂಟೆಗಳಾದರೂ ಬಿಸಿಲು ಬೀಳುವ ಎಡೆಯನ್ನು ಆರಿಸತಕ್ಕದ್ದು; ಕಡುಬೇಸಗೆಯ ಸೀಮೆಗಳಲ್ಲಿ ಮಧ್ಯಾಹ್ನದ ನೆರಳು ಹಿತಕರ. ನೀರು ನಿಂತರೆ ಬುಡವು ಕೊಳೆಯುವುದಾದಕಾರಣ ನೆಲವನ್ನು ಸಡಿಲಿಸಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಬೇಕು. ಎಲೆಯೂ ಬೇರೂ ಕೂಡುವ ಸ್ಥಾನವು ಮಣ್ಣಿನಲ್ಲಿ ಸುಮಾರು 1 ಅಂಗುಲದಷ್ಟೇ ಕೆಳಗಿರಲಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ. ಮೊಗ್ಗಿನ ಕಾಲದಲ್ಲಿ ನೀರು ತಪ್ಪಬಾರದು. ಅದನ್ನು ಎಲೆಗಳ ಮೇಲಲ್ಲದೆ ಬುಡಕ್ಕೆ ಎರೆಯತಕ್ಕದ್ದು. ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಂಡರೆ ಅದು ತುಕ್ಕುರೋಗ. ಅಂಥ ಎಲೆಗಳನ್ನು ಕೂಡಲೆ ಕತ್ತರಿಸಿ ತೋಟದಿಂದ ದೂರ ಮಾಡಬೇಕು. ಮೂರು ನಾಲ್ಕು ವರ್ಷಗಳಿಗೊಮ್ಮೆ ಹಿಂಡನ್ನು ಅಗೆದು ಬೇರ್ಪಡಿಸಿ ನೆಡದಿದ್ದರೆ ಹೂವು ಕಡಮೆಯಾಗುವುದು.

ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದ ವಿಷಯವೊಂದಿರುವುದು. ಇದರ ಮೊಗ್ಗು ಆಹಾರವೆಂದು ಕೇಳಿದವರು, ಲಿಲಿ ಎಂಬ ಹೆಸರನ್ನು ನಂಬಿ ಬೇರೆ ಗಿಡಕ್ಕೆ ಕೈಯಿಟ್ಟರೆ ಅನರ್ಥವಾದೀತು. ನಮ್ಮ ಬೇಲಿಗಳಲ್ಲಿ ಹಬ್ಬುವ ಗೌರಿಹೂವನ್ನು, ಎಂದರೆ ಅಗ್ನಿಶಿಖೆಯನ್ನು, ಕೆಲವರು ಲಿಲಿಯೆಂದೇ ಕರೆಯುವರು. ಅದರ ಗಡ್ಡೆಯು ಪ್ರಾಣಾಂತಕವಾದ ವಿಷ. ಅದು ಎಲೆಯ ತುದಿಯ ಕುಡಿಗಳಿಂದ ಹತ್ತುವ ಬಳ್ಳಿ. ಡೇ ಲಿಲಿಗಾದರೋ ಎಲೆಗಳೆಲ್ಲ ನೀಳವಾಗಿ ಬುಡದಿಂದಲೇ ಹೊರಡುವುವು, ಹೂವಿನ ದಂಟು ಬಹುಮಟ್ಟಿಗೆ ಬರಿದಾಗಿರುವುದು. ಗುರುತು ನಿಶ್ಚಯವಾಗದೆ ಯಾವುದನ್ನೂ ಬಾಯಿಗೆ ಹಾಕಕೂಡದೆಂದು ಮಕ್ಕಳಿಗೆ ಮೊದಲೇ ತಿಳಿಸತಕ್ಕದ್ದು.

ಮನುಷ್ಯರಿಗೆ ಆಹಾರವಾದ ಇದೇ ಗಿಡವು ಬೆಕ್ಕಿಗೆ ವಿಷ. ಎಲೆಯನ್ನಾಗಲಿ ಹೂವನ್ನಾಗಲಿ ಸ್ವಲ್ಪ ಮೆದ್ದರೂ ಅದರ ಮೂತ್ರಪಿಂಡಗಳು ಕೆಡುವ ಅಪಾಯವುಂಟು. ಮೆದ್ದುದು ತಿಳಿದೊಡನೆ, ರೋಗಲಕ್ಷಣಗಳಿಗಾಗಿ ಕಾಯದೆ, ಪಶುವೈದ್ಯರ ಬಳಿಗೆ ಒಯ್ಯಬೇಕು. ಬೆಕ್ಕನ್ನು ಸಾಕಿದವರು ಈ ಗಿಡದ ಆಸೆಯನ್ನು ಬಿಡುವುದೇ ಲೇಸೆಂದು ನಾವು ಹೇಳುವೆವು.

ಹಿಂಡನ್ನು ಸೀಳಿದಾಗ ಮಿಕ್ಕ ಸಸಿಗಳನ್ನು ನೆರೆಯವರಿಗೆ ಹಂಚುವುದು ಸಹಜ. ಹಾಗೆ ಕೊಡುವಾಗ ಸಸಿಯೊಂದಿಗೆ ಅದರ ಹೆಸರನ್ನೂ ಈ ಎಚ್ಚರಿಕೆಯನ್ನೂ ಕೊಡುವುದು ಕೊಟ್ಟವರ ಧರ್ಮವಾಗಿದೆ.