ಎರಡು ನಾಲಗೆಯ ಪ್ರಚಾರ

2024ರ ಅಕ್ಟೋಬರ್ ತಿಂಗಳು. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ವಾರಗಳಿದ್ದವು. ಮಿಶಿಗನ್ ರಾಜ್ಯದಲ್ಲಿ ಅರಬ್ ಮೂಲದವರೂ ಮುಸ್ಲಿಮರೂ ಹೆಚ್ಚಾಗಿ ವಾಸಿಸುವ ಪ್ರದೇಶಗಳ ಮತದಾರರಿಗೆ ಒಂದು ಜಾಹೀರಾತು ತಲುಪಿತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಕಮಲಾ ಹ್ಯಾರಿಸ್ ಮತ್ತು ಅವರ ಯಹೂದಿ ಪತಿ ಇಸ್ರೇಲಿನ ಕಟ್ಟಾ ಬೆಂಬಲಿಗರು ಎಂದು ಅದು ಹೊಗಳುವ ಧಾಟಿಯಲ್ಲಿ ಹೇಳುತ್ತಿತ್ತು. ಅದೇ ದಿನಗಳಲ್ಲಿ ಪೆನ್ಸಿಲ್ವೇನಿಯಾದ ಯಹೂದಿ ಮತದಾರರಿಗೆ ಇನ್ನೊಂದು ಜಾಹೀರಾತು ಹೋಗುತ್ತಿತ್ತು. ಹ್ಯಾರಿಸ್ ಫೆಲೆಸ್ತೀನ್ ಪರ ಇರುವವರನ್ನು ಓಲೈಸುತ್ತಿದ್ದಾರೆ ಎಂಬುದು ಅದರ ತಿರುಳು. ಎರಡರ ಹಿಂದೆಯೂ ಇದ್ದದ್ದು ಒಂದೇ ಸಂಸ್ಥೆ: ಫ್ಯೂಚರ್ ಕೊಯಲಿಶನ್ ಪ್ಯಾಕ್. ಹ್ಯಾರಿಸ್ ಯಾರ ಪರ ಎಂಬುದು ಅದಕ್ಕೆ ಮುಖ್ಯವಾಗಿರಲಿಲ್ಲ. ಡೊನಾಲ್ಡ್ ಟ್ರಂಪ್‌ರ ಎದುರಾಳಿಗೆ ಬೀಳುವ ಮತ ಎರಡೂ ಕಡೆ ಕಡಿಮೆಯಾದರೆ ಸಾಕಿತ್ತು.

ರಾಜಕಾರಣಿಗಳ ಎರಡು ನಾಲಗೆ ಹೊಸತೇನಲ್ಲವಲ್ಲ ಎಂದು ಕೆಲವರು ಕೇಳಬಹುದು. ಊರಿಗೊಂದು ಮಾತು, ಕೇರಿಗೊಂದು ಮಾತು ಆಡಿಯೇ ಅವರು ಬದುಕಿದವರು. ನಿಜ. ಆದರೆ ಹಿಂದೆ ಹಾಗೆ ಮಾತಾಡುವವನಿಗೆ ಒಂದು ಭಯವಿತ್ತು. ಸಭೆಯಲ್ಲಿ ಪತ್ರಕರ್ತನೊಬ್ಬ ಕುಳಿತಿರುತ್ತಿದ್ದ. ಈ ಕೇರಿಯ ಮಾತು ಆ ಕೇರಿಗೆ ಮುಟ್ಟುತ್ತಿತ್ತು. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರೋಮ್ನಿ ಫ್ಲೋರಿಡಾದಲ್ಲಿ ಶ್ರೀಮಂತ ದಾನಿಗಳ ಮುಚ್ಚಿದ ಕೋಣೆಯೊಳಗೆ ದೇಶದ ಶೇ. 47ರಷ್ಟು ಜನ ಸರಕಾರವನ್ನೇ ನೆಚ್ಚಿ ಬದುಕುವವರು ಎಂದಿದ್ದರು. ಅಲ್ಲಿ ಪಾನೀಯ ಬಡಿಸುತ್ತಿದ್ದ ನೌಕರನೊಬ್ಬ ಅದನ್ನು ಚಿತ್ರೀಕರಿಸಿದ್ದ. ಸೆಪ್ಟೆಂಬರ್‌ನಲ್ಲಿ ಇಡೀ ದೇಶ ಅದನ್ನು ಕೇಳಿತು. ಮೊಬೈಲ್ ಪರದೆ ಎಂಬ ಮುಚ್ಚಿದ ಕೋಣೆಯಲ್ಲಿ ಅಂಥ ನೌಕರ ಎಲ್ಲಿದ್ದಾನೆ?

ಇನ್ನೊಂದು ಉದಾಹರಣೆ ನೋಡಿ. 2008ರಲ್ಲಿ ಬರಾಕ್ ಒಬಾಮ ಗುಟ್ಟಾಗಿ ಮುಸ್ಲಿಮ್ ಎಂಬ ಇಮೇಲ್‌ಗಳು ಹರಿದಾಡುತ್ತಿದ್ದ ಸಮಯ. ಆ ಸೆಪ್ಟೆಂಬರ್‌ನಲ್ಲಿ ಕ್ಲಾರಿಯನ್ ಫಂಡ್ ಎಂಬ ಸಂಸ್ಥೆ ಇಸ್ಲಾಮಿನ ಬಗ್ಗೆ ಭೀತಿ ಹುಟ್ಟಿಸುವ 'ಅಬ್ಸೆಶನ್' ಚಿತ್ರದ ಸುಮಾರು 2.8 ಕೋಟಿ ಡಿವಿಡಿಗಳನ್ನು, ಮುಖ್ಯವಾಗಿ ಪೈಪೋಟಿಯ ರಾಜ್ಯಗಳಲ್ಲಿ, ಪತ್ರಿಕೆಗಳ ಜೊತೆ ಮನೆಮನೆಗೆ ಹಂಚಿಸಿತು. ಅದು ನೀಚ ಕೆಲಸವೇ. ಆದರೆ ಬಹಿರಂಗವಾಗಿ ನಡೆದ ನೀಚ ಕೆಲಸ. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ನಗರದ ಪತ್ರಿಕೆ ಅದನ್ನು ಹಂಚಲು ನಿರಾಕರಿಸಿತು. ಮುಸ್ಲಿಮರೂ ಇತರರೂ ಪ್ರತಿಭಟಿಸಿದರು. ಏನು ಹೇಳಲಾಗಿದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಉತ್ತರ ಕೊಡಲು ಸಾಧ್ಯವಾಯಿತು.

ತಂತ್ರಜ್ಞಾನ ನಮ್ಮಿಂದ ಕಸಿದುಕೊಂಡದ್ದು ಈ ಸಾಧ್ಯತೆಯನ್ನೇ. ಸುಳ್ಳು ಸುದ್ದಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಮಿಶಿಗನ್‌ನ ಜಾಹೀರಾತು ಮೋಸ ಮಾಡಲು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಹ್ಯಾರಿಸ್ ಇಸ್ರೇಲಿನ ರಕ್ಷಣೆಯ ಮಾತನ್ನೂ ಆಡಿದ್ದರು, ಗಾಝಾದ ಜನರ ಸಂಕಟದ ಮಾತನ್ನೂ ಆಡಿದ್ದರು. ಒಂದನ್ನು ಇವನಿಗೆ, ಇನ್ನೊಂದನ್ನು ಅವನಿಗೆ ಕತ್ತರಿಸಿ ಕೊಟ್ಟರೆ ಸಾಕು, ಮೋಸ ಪೂರ್ತಿಯಾಯಿತು. ಸತ್ಯಶೋಧನೆಯ ಯಾವ ತಂಡವೂ ಇದನ್ನು ಸುಳ್ಳೆಂದು ಸಾಬೀತುಪಡಿಸಲಾರದು. ಕೆಲವು ಪತ್ರಕರ್ತರು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಆದರೆ ಜಾಹೀರಾತು ನೋಡಿದವರಲ್ಲಿ ಎಷ್ಟು ಮಂದಿ ಆ ವರದಿಯನ್ನು ಓದಿರಬಹುದು?

ಇಲ್ಲಿ ಮುಸ್ಲಿಮರು ಗಮನಿಸಬೇಕಾದ ಸಂಗತಿಯೊಂದಿದೆ. ಡಿಯರ್‌ಬಾರ್ನ್‌ನ ಸಿಟ್ಟನ್ನು ಯಾವ ಜಾಹೀರಾತೂ ಹುಟ್ಟಿಸಲಿಲ್ಲ. 2024ರ ಫೆಬ್ರವರಿಯಲ್ಲೇ ಮಿಶಿಗನ್‌ನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ, ಮುಸ್ಲಿಮರು ಮಾತ್ರವಲ್ಲ ಇತರರೂ ಸೇರಿ, ಅಧ್ಯಕ್ಷ ಬೈಡನ್‌ರಿಗೆ ಮತ ನೀಡದೆ 'ಯಾರ ಪರವೂ ಅಲ್ಲ' ಎಂದು ಗುರುತು ಹಾಕಿದ್ದರು. ಅದು ಗಾಝಾದ ಹೆಸರಿನಲ್ಲಿ, ತಲೆ ಎತ್ತಿ, ಹಗಲಿನಲ್ಲಿ ಮಾಡಿದ ರಾಜಕೀಯ. ಅದೇ ನೋವನ್ನು ಕದ್ದು ಯಹೂದಿ ನೆರೆಯವನ ಭಯದ ಪಕ್ಕದಲ್ಲಿಟ್ಟು ವ್ಯಾಪಾರ ಮಾಡಿದವರಿಗೆ ಗಾಝಾದ ಮಕ್ಕಳ ಬಗ್ಗೆ ಯಾವ ಕನಿಕರವಿತ್ತು? ನಮ್ಮ ಕೋಪ ನ್ಯಾಯವಾದದ್ದೇ ಆಗಿದ್ದರೂ ಅದನ್ನು ಬಳಸುವವನು ನ್ಯಾಯವಂತನಾಗಿರಬೇಕೆಂದೇನಿಲ್ಲ.

ಇದು ಒಂದು ಸಮುದಾಯದ ಕಥೆಯೂ ಅಲ್ಲ. 2016ರ ಟ್ರಂಪ್ ಪ್ರಚಾರ ತಂಡದ ದತ್ತಾಂಶವನ್ನು 2020ರಲ್ಲಿ ಬ್ರಿಟನ್ನಿನ ಚಾನೆಲ್ 4 ಬಯಲು ಮಾಡಿತು. ಅದರಲ್ಲಿ ಸುಮಾರು 35 ಲಕ್ಷ ಕರಿಯ ಅಮೆರಿಕನ್ನರನ್ನು 'ತಡೆಯುವಿಕೆ' ಎಂಬ ಪಟ್ಟಿಗೆ ಸೇರಿಸಲಾಗಿತ್ತು. ಅಂದರೆ, ಇವರು ಮತ ಹಾಕಲು ಮನೆಯಿಂದ ಹೊರಡದಿದ್ದರೆ ಒಳ್ಳೆಯದು ಎಂದರ್ಥ. ಮತಗಟ್ಟೆಯ ಬಾಗಿಲಲ್ಲಿ ಲಾಠಿ ಹಿಡಿದು ನಿಲ್ಲುವುದಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವೇನು?

ಕಂಪೆನಿಗಳೇ ಸರಿಪಡಿಸಿಕೊಳ್ಳುತ್ತವೆ ಎಂಬ ವಾದವೂ ಇದೆ. 2022ರ ಜನವರಿಯಿಂದ ಫೇಸ್‌ಬುಕ್‌ನ ಒಡೆಯ ಮೆಟಾ, ಧರ್ಮ ಮತ್ತು ರಾಜಕೀಯ ಒಲವಿಗೆ ಸಂಬಂಧಿಸಿದ ಆಸಕ್ತಿಗಳ ಮೇಲೆ ಜನರನ್ನು ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಆದರೆ ಪ್ರದೇಶ ಆರಿಸುವ ಸೌಲಭ್ಯ ಉಳಿಯಿತು. ಡಿಯರ್‌ಬಾರ್ನ್‌ನಂಥ ಊರಿನಲ್ಲಿ ವಿಳಾಸ ಗೊತ್ತಾದರೆ ಧರ್ಮವನ್ನು ಪ್ರತ್ಯೇಕವಾಗಿ ಕೇಳಬೇಕೇ? ಇನ್ನು ಟ್ವಿಟರ್ ಅನ್ನು 2022ರಲ್ಲಿ ಖರೀದಿಸಿದ ಇಲಾನ್ ಮಸ್ಕ್, 2024ರಲ್ಲಿ ಟ್ರಂಪ್ ಗೆಲುವಿಗಾಗಿ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು. ಅಂಗಳದ ಒಡೆಯನೇ ಆಟಗಾರನಾದ ಮೇಲೆ ತೀರ್ಪುಗಾರ ಯಾರು?

ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂದು ಹೆದರಿಸುವವರಿಗೆ ನೇರ ಉತ್ತರವಿದೆ. ಯಾರ ಬಾಯಿಯನ್ನೂ ಕಟ್ಟಬೇಕಾಗಿಲ್ಲ. ಒಬ್ಬನಿಗೆ ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳು ಎಂದರೆ ಸಾಕು. ಯುರೋಪಿಯನ್ ಒಕ್ಕೂಟ ಈ ದಿಕ್ಕಿನಲ್ಲಿ ಕಾನೂನು ಮಾಡಿತು. ರಾಜಕೀಯ ಜಾಹೀರಾತಿಗೆ ಹಣ ಕೊಟ್ಟವರಾರು, ಅದು ಯಾರನ್ನು ಗುರಿ ಮಾಡಿದೆ ಎಂದು ತಿಳಿಸಬೇಕು, ಜನಾಂಗ, ಧರ್ಮದಂಥ ಸೂಕ್ಷ್ಮ ಮಾಹಿತಿ ಬಳಸಿ ಜನರನ್ನು ವಿಂಗಡಿಸುವಂತಿಲ್ಲ ಎಂದಿತು. 2025ರ ಅಕ್ಟೋಬರ್‌ನಲ್ಲಿ ಅದು ಪೂರ್ಣವಾಗಿ ಜಾರಿಗೆ ಬರುವ ಹೊತ್ತಿಗೆ ಮೆಟಾ ಮತ್ತು ಗೂಗಲ್ ಅಲ್ಲಿ ರಾಜಕೀಯ ಜಾಹೀರಾತುಗಳನ್ನೇ ನಿಲ್ಲಿಸಿಬಿಟ್ಟವು. ಬೆಳಕಿನಲ್ಲಿ ನಡೆಸಬೇಕೆಂದಾಗ ಅಂಗಡಿ ಮುಚ್ಚುವ ವ್ಯಾಪಾರ ಎಂಥದ್ದು?

1960ರಲ್ಲಿ ಕೆನಡಿ ಮತ್ತು ನಿಕ್ಸನ್‌ರ ಮೊದಲ ಟಿವಿ ಚರ್ಚೆಯನ್ನು ಸುಮಾರು 7 ಕೋಟಿ ಅಮೆರಿಕನ್ನರು ನೋಡಿದರು. ನೋಡಿದ್ದು ಒಂದೇ ಚರ್ಚೆಯಾದ್ದರಿಂದ ಮರುದಿನ ಅವರು ಪರಸ್ಪರ ಜಗಳವಾಡಬಲ್ಲವರಾಗಿದ್ದರು. ಪ್ರಜಾಪ್ರಭುತ್ವಕ್ಕೆ ಬೇಕಾದದ್ದು ಆ ಜಗಳ. ನೆರೆಯವನಿಗೆ ಏನು ಹೇಳಲಾಗಿದೆ ಎಂದೇ ತಿಳಿಯದವನು ಅವನೊಂದಿಗೆ ವಾದಿಸಲಾರ. ಅವನನ್ನು ಅನುಮಾನಿಸಬಲ್ಲ, ಅಷ್ಟೇ.