ತಕ್ಕಡಿ ತೋರಿಸಿ, ಆಮೇಲೆ ತೂಕ ಹೇಳಿ

ಹೋದ ಕಂತಿನ ಕೊನೆಯಲ್ಲಿ ಸರ್ಫರಾಜ್ ಖಾನ್ ವಿಷಯ ಎತ್ತಿ, ಸಮಯ ಆಯ್ತು ಅಂತ ಅರ್ಧಕ್ಕೇ ಬಿಟ್ಟಿದ್ದೆ. ನಿಮ್ಮಲ್ಲಿ ಕೆಲವರು ಬರೆದು ಕೇಳಿದಿರಿ: "ಪ್ರತಿಭೆ ಇದ್ದರೆ ಸಾಕಾ? ದೇಶಕ್ಕೆ ಆಡುವವನು ಮೈ ದಂಡಿಸಬೇಡವಾ?" ಪ್ರಶ್ನೆ ಸರಿಯಾಗಿಯೇ ಇದೆ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ದಂಡಿಸಬೇಕು. ಫಿಟ್‌ನೆಸ್ ಬೇಕೇ ಬೇಕು. ಆದರೆ ಅಳೆಯದೆ, ಅಂಕಿ ಹೇಳದೆ, ಬರೀ ಕಣ್ಣಳತೆಯಲ್ಲಿ "ಇವನು ದಪ್ಪ" ಅಂತ ಒಬ್ಬ ಆಟಗಾರನನ್ನು ಹೊರಗಿಡೋದು ಅನ್ಯಾಯ. ಆ ಅನ್ಯಾಯ ಸರ್ಫರಾಜ್‌ಗೆ ಆಯ್ತು. ಇಲ್ಲಿ ಬಹ್ರೇನ್‌ನಲ್ಲಿ ನಮ್ಮ ಮಕ್ಕಳಿಗೂ ಆಗ್ತಾ ಇದೆ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ. ಆ ಕತೆಗೆ ಕೊನೆಯಲ್ಲಿ ಬರ್ತೀನಿ.

ಕ್ರಿಕೆಟ್ ಅಷ್ಟಾಗಿ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಸರ್ಫರಾಜ್ ಮುಂಬೈ ಹುಡುಗ, ಹುಟ್ಟಿದ್ದು 1997ರಲ್ಲಿ. 2009ರಲ್ಲಿ, ಹನ್ನೆರಡು ವರ್ಷದವನಿದ್ದಾಗ, ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ 439 ರನ್ ಹೊಡೆದ. 2015ರಲ್ಲಿ ನಮ್ಮ ಬೆಂಗಳೂರು ತಂಡಕ್ಕೇ ಐಪಿಎಲ್ ಆಡೋಕೆ ಬಂದ. ಚಿನ್ನಸ್ವಾಮಿಯಲ್ಲಿ ರಾಜಸ್ಥಾನದ ವಿರುದ್ಧ 21 ಎಸೆತಕ್ಕೆ 45 ಹೊಡೆದು ವಾಪಸ್ ಬರುವಾಗ ವಿರಾಟ್ ಕೊಹ್ಲಿ ಕೈಮುಗಿದು ಬರಮಾಡಿಕೊಂಡಿದ್ದು ನಿಮಗೆ ನೆನಪಿರಬಹುದು. ಮುಂದಿನ ವರ್ಷ ಅದೇ ತಂಡದ ಹನ್ನೊಂದರಿಂದ ಜಾರಿದ. ಕಾರಣ ಫಿಟ್‌ನೆಸ್. ಆಗ ಅವನಿಗೆ ಹದಿನೆಂಟು. ಆವತ್ತು ಅಂಟಿದ ಆ ಚೀಟಿ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಆಮೇಲೆ ಏನು ಮಾಡಿದ ನೋಡಿ. 2019-20ರ ರಣಜಿಯಲ್ಲಿ 928 ರನ್, ಅದರಲ್ಲಿ ಒಂದು ತ್ರಿಶತಕ. ಕೋವಿಡ್‌ನಿಂದ ಮರುವರ್ಷ ರಣಜಿಯೇ ನಡೆಯಲಿಲ್ಲ. 2021-22ರಲ್ಲಿ 982 ರನ್, ಸರಾಸರಿ 120ರ ಮೇಲೆ. ಅದರ ಫೈನಲ್ ನಡೆದಿದ್ದೂ ಚಿನ್ನಸ್ವಾಮಿಯಲ್ಲೇ, ಅಲ್ಲೂ ಶತಕ. ಎರಡು ಸೀಸನ್ ಸತತವಾಗಿ 900 ದಾಟೋದು ಅಂದ್ರೆ ದಿನಗಟ್ಟಲೆ ಬಿಸಿಲಲ್ಲಿ ನಿಂತು ಆಡೋದು. ಓಡೋಕೆ ಆಗದವನಿಗೆ ಅದು ಆಗುತ್ತಾ? ನೀವೇ ಹೇಳಿ.

ಆದರೂ ಕರೆ ಬರಲಿಲ್ಲ. 2023ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ತಂಡ ಆರಿಸಿದಾಗ ಅವನ ಹೆಸರಿಲ್ಲ. ಯಾಕೆ ಅಂತ ಜನ ಕೇಳಿದ್ದಕ್ಕೆ, ಹೆಸರು ಹೇಳಲು ಒಪ್ಪದ ಅಧಿಕಾರಿಯೊಬ್ಬರು ಪತ್ರಿಕೆಯವರಿಗೆ ಹೇಳಿದರು: ಅವನ ಫಿಟ್‌ನೆಸ್ ಅಂತಾರಾಷ್ಟ್ರೀಯ ಮಟ್ಟದ್ದಲ್ಲ, ತೂಕ ಇಳಿಸಬೇಕು, ನಡವಳಿಕೆಯೂ ಸರಿಯಿಲ್ಲ. ಯಾವ ಪರೀಕ್ಷೆಯಲ್ಲಿ ಫೇಲ್ ಆದ? ಎಷ್ಟು ಅಂಕ ಬೇಕಿತ್ತು, ಎಷ್ಟು ಬಂತು? ಅದೊಂದೂ ಇಲ್ಲ. ಹೆಸರಿಲ್ಲದವರು ಹೇಳಿದ ಮಾತಿಗೆ ಹೆಸರಿದ್ದವನು ಎಲ್ಲಿಗೆ ಹೋಗಿ ಉತ್ತರ ಕೊಡಬೇಕು?

ಈಗ ಎದುರು ಪಕ್ಷದ ಮಾತು. ಅದನ್ನು ಹಗುರ ಮಾಡಿ ಹೇಳಿದರೆ ನನ್ನ ವಾದಕ್ಕೇ ಬೆಲೆ ಇರಲ್ಲ.

ಒಂದು, ಕಳೆದ ಹತ್ತು ವರ್ಷದಲ್ಲಿ ಭಾರತ ತಂಡ ಬದಲಾಗಿದ್ದರಲ್ಲಿ ಫಿಟ್‌ನೆಸ್ ಪಾಲು ದೊಡ್ಡದು. ಕೊಹ್ಲಿ ತಾನೇ ಊಟ ಬದಲಾಯಿಸಿ, ಮೈ ಇಳಿಸಿ, ಉಳಿದವರಿಗೂ ಅದನ್ನೇ ಕೇಳಿದ. ಫೀಲ್ಡಿಂಗ್‌ನಲ್ಲಿ ಉಳಿಸುವ ರನ್ನೂ ರನ್ನೇ. ಎರಡು, ಪ್ರತಿಭೆ ಇದೆ ಅಂತ ಸುಮ್ಮನೆ ತಲೆ ಮೇಲೆ ಕೂರಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಪೃಥ್ವಿ ಶಾ ಇದ್ದಾನೆ. 2018ರಲ್ಲಿ ಕಿರಿಯರ ವಿಶ್ವಕಪ್ ಗೆದ್ದ ನಾಯಕ, ಅದೇ ವರ್ಷ ಮೊದಲ ಟೆಸ್ಟ್‌ನಲ್ಲೇ 134. ಆರು ವರ್ಷ ಕಳೆಯುವಷ್ಟರಲ್ಲಿ ಫಿಟ್‌ನೆಸ್ ಮತ್ತು ಶಿಸ್ತಿನ ಕಾರಣಕ್ಕೆ ಮುಂಬೈ ರಣಜಿ ತಂಡದಿಂದಲೇ ಹೊರಗೆ, ಐಪಿಎಲ್ ಹರಾಜಿನಲ್ಲಿ ಕೇಳುವವರಿಲ್ಲ. ಆದ್ದರಿಂದ "ಹುಡುಗನಿಗೆ ಕೈಚಳಕ ಇದೆ, ಹೊಟ್ಟೆ ಬಗ್ಗೆ ಮಾತಾಡಬೇಡಿ" ಅಂತ ನಾನು ಹೇಳ್ತಾ ಇಲ್ಲ.

ನಾನು ಕೇಳೋದು ತಕ್ಕಡಿ ಎಲ್ಲಿದೆ ಅಂತ.

ತಕ್ಕಡಿ ಇಟ್ಟು ತೂಗಿದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಯೋ-ಯೋ ಪರೀಕ್ಷೆ ಕೇಳಿರ್ತೀರಿ. ಇಪ್ಪತ್ತು ಮೀಟರ್ ಅಂತರದಲ್ಲಿ ಗುರುತು ಇಟ್ಟಿರ್ತಾರೆ. ಬೀಪ್ ಸದ್ದಿಗೆ ಹೋಗಿ ವಾಪಸ್ ಬರಬೇಕು, ಹತ್ತು ಸೆಕೆಂಡ್ ವಿರಾಮ, ಮತ್ತೆ ಓಟ. ಬೀಪ್ ವೇಗವಾಗ್ತಾ ಹೋಗುತ್ತೆ, ಎಲ್ಲಿ ಹಿಂದೆ ಬೀಳ್ತೀರೋ ಅದೇ ನಿಮ್ಮ ಅಂಕ. 2018ರಲ್ಲಿ ಪಾಸಾಗೋಕೆ 16.1 ಬೇಕಿತ್ತು. ಆ ವರ್ಷದ ಐಪಿಎಲ್‌ನಲ್ಲಿ 602 ರನ್ ಹೊಡೆದಿದ್ದ ಅಂಬಾಟಿ ರಾಯುಡು ಬೆಂಗಳೂರಿನ ಎನ್‌ಸಿಎಯಲ್ಲಿ ಫೇಲಾದ, ಇಂಗ್ಲೆಂಡ್ ಏಕದಿನ ಸರಣಿಗೆ ಹೋಗಲಿಲ್ಲ. ಮೊಹಮ್ಮದ್ ಶಮಿಯೂ ಫೇಲಾಗಿ, ಬೆಂಗಳೂರಿನಲ್ಲೇ ನಡೆದ ಅಫ್ಘಾನಿಸ್ತಾನ ಟೆಸ್ಟ್ ತಪ್ಪಿಸಿಕೊಂಡ. ಆಮೇಲೆ ಇಬ್ಬರೂ ಪಾಸಾದರು, ಇಬ್ಬರೂ ವಾಪಸ್ ಬಂದರು. ಶಮಿ ಅದೇ ಬೇಸಿಗೆಯಲ್ಲಿ ಇಂಗ್ಲೆಂಡ್‌ಗೆ ಹೋಗಿ ಟೆಸ್ಟ್ ಸರಣಿಯಲ್ಲಿ 16 ವಿಕೆಟ್ ತೆಗೆದ.

ಆ ಪರೀಕ್ಷೆ ಒಳ್ಳೆಯದೋ ಕೆಟ್ಟದ್ದೋ, ಬ್ಯಾಟ್ ಮಾಡೋಕೂ ಅದಕ್ಕೂ ಏನು ಸಂಬಂಧ ಅಂತ ಜಗಳ ಆಡಬಹುದು. ಆದರೆ ಫೇಲಾದವನಿಗೆ ತಾನು ಫೇಲಾಗಿದ್ದು ಗೊತ್ತು, ಎಷ್ಟಕ್ಕೆ ಫೇಲಾದೆ ಅನ್ನೋದು ಗೊತ್ತು, ಮತ್ತೆ ಯಾವಾಗ ಓಡಬೇಕು ಅನ್ನೋದೂ ಗೊತ್ತು. ಬಾಗಿಲು ಹಾಕಿದ್ದರು, ಕೀಲಿ ಎಲ್ಲಿದೆ ಅಂತಲೂ ಹೇಳಿದ್ದರು.

ಸರ್ಫರಾಜ್‌ನ ಬಾಗಿಲಿಗೆ ಕೀಲಿಯೇ ಇರಲಿಲ್ಲ. ನೋಡಿದವರ ಕಣ್ಣಿಗೆ ಅವನು ದಪ್ಪ, ಅಷ್ಟೇ. ತೆಳ್ಳಗಿನವರೇ ಬೇಕಿದ್ದರೆ ಫ್ಯಾಷನ್ ಷೋಗೆ ಹೋಗಿ ಆರಿಸಿಕೊಳ್ಳಿ ಅನ್ನೋ ಅರ್ಥದಲ್ಲಿ ಗಾವಸ್ಕರ್ 2023ರಲ್ಲೇ ಬೈದಿದ್ದರು. ಆರೂವರೆ ಅಡಿ ಎತ್ತರ, 140 ಕಿಲೋ ಆಸುಪಾಸಿನ ವೆಸ್ಟ್ ಇಂಡೀಸ್‌ನ ರಹಕೀಮ್ ಕಾರ್ನ್‌ವಾಲ್ 2019ರಲ್ಲಿ ಲಖನೌನಲ್ಲಿ ಅಫ್ಘಾನಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ ಹತ್ತು ವಿಕೆಟ್ ಕಿತ್ತ. ರೋಹಿತ್ ಶರ್ಮಾನನ್ನು ರಾಜಕಾರಣಿಯೊಬ್ಬರು ದಪ್ಪ ಅಂತ ಆಡಿಕೊಂಡಿದ್ದು 2025ರ ಮಾರ್ಚ್‌ನಲ್ಲಿ. ಅದೇ ತಿಂಗಳ 9ಕ್ಕೆ ಅವನು ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ 76 ಹೊಡೆದು ಕಪ್ ಎತ್ತಿದ.

ಕೊನೆಗೂ 2024ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನಲ್ಲಿ ಸರ್ಫರಾಜ್‌ಗೆ ಟೆಸ್ಟ್ ಕ್ಯಾಪ್ ಸಿಕ್ಕಿತು. ಎರಡೂ ಇನಿಂಗ್ಸ್‌ನಲ್ಲಿ ಅರ್ಧಶತಕ. ಅಕ್ಟೋಬರ್‌ನಲ್ಲಿ ಗಿಲ್ ಕುತ್ತಿಗೆ ಹಿಡಿದುಕೊಂಡಿದ್ದರಿಂದ ಬೆಂಗಳೂರು ಟೆಸ್ಟ್ ಆಡಲು ಸಿಕ್ಕಿತು. ಭಾರತ 46ಕ್ಕೆ ಆಲೌಟಾದ ಪಂದ್ಯ, ಸರ್ಫರಾಜ್ ಸೊನ್ನೆ. ಎದುರಿಗೆ ನಮ್ಮ ಬೆಂಗಳೂರು ಮೂಲದ ಮನೆಯ ಹುಡುಗ ರಚಿನ್ ರವೀಂದ್ರ ನ್ಯೂಜಿಲೆಂಡ್‌ಗೆ 134 ಹೊಡೆದ. ನಾಲ್ಕನೇ ದಿನ ಶನಿವಾರ, ಇಲ್ಲಿ ರಜೆ. ಊರಿಗಿಂತ ನಾವು ಎರಡೂವರೆ ಗಂಟೆ ಹಿಂದೆ, ಹಾಗಾಗಿ ಬೆಳಗ್ಗೆ ಏಳಕ್ಕೆಲ್ಲಾ ಟಿವಿ ಮುಂದೆ ಕೂತಿದ್ದೆ. ಪಂತ್ ಎರಡನೇ ರನ್‌ಗೆ ಓಡಿ ಬರುವಾಗ ಸರ್ಫರಾಜ್ ಪಿಚ್ ಮಧ್ಯೆ ನಿಂತು "ಬೇಡ, ಬೇಡ" ಅಂತ ಮಕ್ಕಳ ಥರ ಕುಪ್ಪಳಿಸಿ ಅವನನ್ನು ಉಳಿಸಿದ. ಒಟ್ಟು 195 ಎಸೆತ, 150 ರನ್. ಪಂದ್ಯ ಸೋತೆವು, ಆದರೆ "ಇವನಿಗೆ ದಮ್ಮಿಲ್ಲ" ಅನ್ನೋ ಮಾತು ಆವತ್ತು ಸಾಯಬೇಕಿತ್ತು.

ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು. ಆಮೇಲಿನ ಎರಡು ಟೆಸ್ಟ್‌ನಲ್ಲಿ ಅವನು ಹೊಡೆದಿದ್ದು 11, 9, 0, 1. 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಅವನನ್ನು ಬಿಟ್ಟು, ದೇಶೀಯ ಕ್ರಿಕೆಟ್‌ನಲ್ಲಿ ರಾಶಿ ರನ್ ಹಾಕಿದ್ದ ನಮ್ಮ ಕರುಣ್ ನಾಯರ್‌ನನ್ನು ಕರೆದರು. ರನ್ ಇಲ್ಲ ಅಂತ ಬಿಟ್ಟರೆ ನನಗೆ ತಕರಾರಿಲ್ಲ. ರನ್ ಅನ್ನೋದು ಎಲ್ಲರ ಕಣ್ಣೆದುರು ಬರೆದಿಡುವ ಲೆಕ್ಕ, ಅದರಲ್ಲಿ ಸೋತವನಿಗೆ ಸೋಲು ಗೊತ್ತಾಗುತ್ತೆ. ಆ ಜುಲೈಯಲ್ಲಿ ಸರ್ಫರಾಜ್ 17 ಕಿಲೋ ಇಳಿಸಿದ ಸುದ್ದಿ ಫೋಟೋ ಸಮೇತ ಬಂತು. ನಡುವೆ ಗಾಯವೂ ಆಯ್ತು, ನಿಜ. ಗುಣವಾಗಿ ರಣಜಿ ಆಡ್ತಾ ಇದ್ದಾಗ, ಅಕ್ಟೋಬರ್‌ನಲ್ಲಿ ಪ್ರಕಟವಾದ ಭಾರತ 'ಎ' ತಂಡದಲ್ಲೂ ಅವನ ಹೆಸರಿರಲಿಲ್ಲ. ಹಾಗಾದರೆ ಅಷ್ಟು ವರ್ಷ ಅಡ್ಡ ಬಂದಿದ್ದು ಆ 17 ಕಿಲೋನಾ? ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಈಗ ನನ್ನ ಕತೆ.

ಇಲ್ಲಿ ಶುಕ್ರವಾರ ಬೆಳಗ್ಗೆ ಬಿಸಿಲು ಏರುವ ಮೊದಲು ಮರಳು ಮೈದಾನದಲ್ಲಿ ಮ್ಯಾಟ್ ಹಾಸಿ ಆಡುವ ಕ್ರಿಕೆಟ್ ನಿಮಗೆ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಮಕ್ಕಳ ಪಂದ್ಯಾವಳಿಗೆ ಹದಿನಾಲ್ಕು ಹೆಸರು ಆರಿಸಬೇಕಿತ್ತು. ನಾವು ಮೂವರು ಅಂಕಲ್‌ಗಳು ಕಾರಲ್ಲಿ ಎಸಿ ಹಾಕ್ಕೊಂಡು, ಕರಕ್ ಚಹಾ ಕುಡೀತಾ ಪಟ್ಟಿ ಮಾಡಿದ್ವಿ. ನಮ್ಮ ಕಟ್ಟಡದ್ದೇ ಒಬ್ಬ ಹುಡುಗ, ಹದಿನೈದು ವರ್ಷ, ಆ ಸೀಸನ್‌ನಲ್ಲಿ ನಮ್ಮ ಕಡೆ ಅತಿ ಹೆಚ್ಚು ರನ್ ಹೊಡೆದವನು. ಸ್ವಲ್ಪ ದಪ್ಪ. "ಎರಡನೇ ರನ್ ಓಡಲ್ಲ ಅವನು" ಅಂತ ಅಂದಿದ್ದು ನಾನೇ. ಉಳಿದಿಬ್ಬರು ತಲೆಯಾಡಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಯಾಕೋ ಮನಸ್ಸು ತಡೆಯದೆ ಸ್ಕೋರ್ ಪುಸ್ತಕ ತೆಗೆದು ನೋಡಿದೆ. ಪುಟದ ತುಂಬಾ ಅವನ ಹೆಸರಿನ ಮುಂದೆ ಎರಡು, ಎರಡು, ಎರಡು. ಇಡೀ ಸೀಸನ್‌ನಲ್ಲಿ ಒಂದೇ ಸಲ ರನೌಟ್. ಪಟ್ಟಿ ಅಷ್ಟರಲ್ಲಿ ಹೋಗಿಯಾಗಿತ್ತು. ಬದಲಾಯಿಸೋಣ ಅಂತ ಬಾಯಿಬಿಟ್ಟು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ದಿನ ಬಿಟ್ಟು ಲಿಫ್ಟ್‌ನಲ್ಲಿ ಸಿಕ್ಕ. "ಅಂಕಲ್, ನಾನು ಎಷ್ಟು ಕೆಜಿ ಕಮ್ಮಿ ಆಗ್ಬೇಕಿತ್ತು?" ಅಂತ ಕೇಳಿದ. ಅದರಲ್ಲಿ ಕೋಪ ಇರಲಿಲ್ಲ. ಒಂದು ಅಂಕಿ ಕೊಟ್ಟಿದ್ದರೆ ಇಳಿಸೋಕೆ ತಯಾರಾಗಿದ್ದ ಅಷ್ಟೇ. ನನ್ನ ಹತ್ತಿರ ಅಂಕಿ ಇರಲಿಲ್ಲ.

ನಮ್ಮ ಮಕ್ಕಳ ಪಾಡು ನೋಡಿ. ಫ್ಲ್ಯಾಟ್, ಕಾರು, ಮಾಲ್. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಕೆಲಸ ಮಾಡಿಸೋದೇ ಕಾನೂನು ನಿಷೇಧಿಸಿರುವ ಊರು ಇದು, ಮಕ್ಕಳು ಎಲ್ಲಿ ಓಡಬೇಕು? ಮೈ ಬರುತ್ತೆ. ರಜೆಗೆ ಊರಿಗೆ ಹೋದರೆ ಮಂಗಳೂರು ಏರ್‌ಪೋರ್ಟ್‌ನಲ್ಲೇ ದೊಡ್ಡಮ್ಮ ಕೆನ್ನೆ ಹಿಂಡಿ, "ಏನೋ ಇಷ್ಟು ದಪ್ಪ ಆಗಿದ್ದೀಯಾ!" ಅಂತಾರೆ. ಅದು ಪ್ರೀತಿಯ ಮಾತು, ಅಲ್ಲಿಗೆ ಮುಗಿಯುತ್ತೆ. ಅದೇ ಮಾತನ್ನು ಆಯ್ಕೆ ಮಾಡುವವರು ಆಡಿದರೆ ಮುಗಿಯಲ್ಲ.

ನಿಮ್ಮಲ್ಲಿ ಎಷ್ಟೋ ಜನ ನನ್ನ ಹಾಗೆ ಯಾವುದಾದರೂ ತಂಡದ ಪಟ್ಟಿ ಮಾಡ್ತೀರಿ. ನಾಟಕಕ್ಕೋ, ನೃತ್ಯಕ್ಕೋ, ಕ್ರಿಕೆಟ್‌ಗೋ. ಓಟ ಮುಖ್ಯ ಅಂದರೆ ಓಡಿಸಿ, ಗಡಿಯಾರ ಹಿಡಿಯಿರಿ. ಎಷ್ಟು ಬೇಕು ಅನ್ನೋದನ್ನು ತಿಂಗಳ ಮೊದಲೇ ಬರೆದು ಅಂಟಿಸಿ. ನಿಮ್ಮ ಸ್ವಂತ ಮಗನನ್ನೂ ಅದೇ ಗೆರೆಯಲ್ಲಿ ನಿಲ್ಲಿಸಿ. ಸೋತವನಿಗೆ ಮತ್ತೆ ಓಡೋಕೆ ದಿನ ಕೊಡಿ. ಇಷ್ಟು ಮಾಡಿ ಆಮೇಲೂ ಅವನು ಗೆರೆ ಮುಟ್ಟಲಿಲ್ಲ ಅಂದರೆ, ಎಷ್ಟೇ ಪ್ರತಿಭೆ ಇರಲಿ, ಬಿಡಿ. ನಾನೂ ನಿಮ್ಮ ಪಕ್ಕ ನಿಲ್ತೀನಿ. ಸರ್ಫರಾಜ್ ಆದರೂ ಅಷ್ಟೇ, ಪೃಥ್ವಿ ಶಾ ಆದರೂ ಅಷ್ಟೇ.

ನಮ್ಮ ತಂಡದಲ್ಲಿ ಈ ವರ್ಷ ಹಾಗೇ ಮಾಡಿದ್ದೇವೆ. ಎರಡು ರನ್ ಓಡಲು ಎಷ್ಟು ಸೆಕೆಂಡ್ ಅಂತ ಕಾಗದದಲ್ಲಿ ಬರೆದು ವಾಟ್ಸಾಪ್ ಗುಂಪಿಗೂ ಹಾಕಿದ್ದೇವೆ. ಆ ಹುಡುಗನ ಮನೆಗೆ ನಾನೇ ಹೋಗಿ ಒಂದು ಪ್ರತಿ ಕೊಟ್ಟು ಬಂದೆ. ತೆಗೆದುಕೊಂಡ, "ಥ್ಯಾಂಕ್ಸ್ ಅಂಕಲ್" ಅಂದ. ಶುಕ್ರವಾರ ಮಾತ್ರ ಇನ್ನೂ ಬಂದಿಲ್ಲ.