ಮನೋವೈದ್ಯಕ್ಕೆ ಪಾಠಶಾಲೆ ಕಟ್ಟಿದವರು

ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ನೆರೆಹೊರೆಗೆ ತಿಳಿಸುತ್ತೇವೆ. ಚಿತ್ತವು ಕೆಟ್ಟರೆ ಮಾತ್ರ ಬಾಗಿಲನ್ನು ಮುಚ್ಚುತ್ತೇವೆ. ಈ ಸಂಕೋಚದಿಂದ ಎಷ್ಟು ಜೀವಗಳು ಬಾಡಿಹೋದುವೋ ಬಲ್ಲವರಾರು? ಆದುದರಿಂದ ಈ ತಿಂಗಳು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು.

ಅವರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದವರು. ಒಬ್ಬ ವೈದ್ಯನು ನೋಡಬಲ್ಲ ರೋಗಿಗಳು ಕೆಲವರೇ. ಅವನು ಕಲಿಸಿದ ಶಿಷ್ಯರು ನೋಡುವವರಾದರೋ ಅಸಂಖ್ಯರು. 1954ರಲ್ಲಿ ಆ ಆಸ್ಪತ್ರೆಯ ಆಶ್ರಯದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದಾಗ ಅದರ ಮೊದಲನೆಯ ನಿರ್ದೇಶಕರು ಇವರೇ. ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ಶಿಕ್ಷಣವು ದೊರೆಯತೊಡಗಿತು. 1974ರಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ತಳೆದುವು.

ಆ ವಿದ್ಯೆಯ ಫಲವು ಈ ಸೀಮೆಗೂ ಬಂದಿತು. 1985ರಿಂದ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಲಕ್ಷಣಗಳನ್ನೂ ಚಿಕಿತ್ಸೆಯನ್ನೂ ಕಲಿಸಿದರು. ನೀಲಗುಂದವಿರುವ ಹರಪನಹಳ್ಳಿ ತಾಲ್ಲೂಕು ಆಗ ಆ ಜಿಲ್ಲೆಗೇ ಸೇರಿದ್ದಿತು. ಬಳ್ಳಾರಿಯ ಈ ಕ್ರಮವೇ 1996ರಲ್ಲಿ ದೇಶದ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ನೀಲಗುಂದದ ಸೋದರಿಯರೇ, ಭೀಮೇಶ್ವರನಿಗೆ ಹರಕೆ ಹೊರಬೇಡಿರೆಂದು ನಾವು ಹೇಳೆವು. ಹರಕೆಯೊಡನೆ ಔಷಧವೂ ಇರಲಿ. ನಿದ್ದೆಗೆಟ್ಟು ತನ್ನಷ್ಟಕ್ಕೆ ತಾನೇ ಮಾತನಾಡುವ ಮಗಳನ್ನು ಕೋಣೆಯಲ್ಲಿ ಕೂಡಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಔಷಧವನ್ನು ಅವರು ಹೇಳಿದಷ್ಟು ಕಾಲ ತಪ್ಪದೆ ಕೊಡಿರಿ. ಗೋವಿಂದಸ್ವಾಮಿಯವರು ಪಾಠಶಾಲೆಯನ್ನೇನೋ ಕಟ್ಟಿದರು; ನಮ್ಮ ಮನೆಯ ಬಾಗಿಲನ್ನು ನಾವೇ ತೆರೆಯಬೇಕು.